ಮಾವನವರಿಗೆ ಓದಿ ಹೇಳಿದ ಜಗತ್ತು

೧೫-೬-೫೯, ಸೋಮವಾರ

ಇವತ್ತೂ ಹನ್ನೊಂದು ಪುಟ. ಗಂಟಲು ಕಟ್ಟಿದೆ. ಐದಕ್ಕೆ ಎದ್ದು ಕಸ, ನೀರು, ರೊಟ್ಟಿ, ಪಾತ್ರೆ... ಊಟವಾದ ಮೇಲೆ ಗೋಡೆಗೆ ಒರಗಿದ್ದೆನಷ್ಟೆ, ಪಡಸಾಲೆಯಿಂದ ಮಾವನವರ ಕೋಲಿನ ಸದ್ದು. ಓದುವ ಹೊತ್ತಾಯಿತು ಎಂದರ್ಥ.

ಎರಡೂ ಕಣ್ಣಿಗೆ ಪೊರೆ. ಇನ್ನೂ ಬಲಿತಿಲ್ಲ, ಆಪರೇಷನ್‌ಗೆ ಕಾಯಬೇಕು ಎಂದಿದ್ದಾರೆ ಡಾಕ್ಟರು. ಹತ್ತಿ ಅಂಗಡಿಯನ್ನು ಮೈದುನ ಮಲ್ಲೇಶಪ್ಪನಿಗೆ ಬಿಟ್ಟುಕೊಟ್ಟಾಗಿದೆ. ಹೊತ್ತು ಹೋಗುವುದಿಲ್ಲ. ಊರು ಬಿಟ್ಟು ಹೊರಟ ಮಿಲ್ಲಿನ ಇಂಜಿನಿಯರ್ ಒಬ್ಬರ ಮನೆಯಿಂದ ಆರು ಸಂಪುಟ ಕೊಂಡು ತಂದರು. ಜಗತ್ತಿನ ಇತಿಹಾಸ, ಇಂಗ್ಲಿಷಿನಲ್ಲಿ. ಮಾವನವರಿಗೆ ಇಂಗ್ಲಿಷ್ ಬಾರದು. ಮನೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವಳು ನಾನೊಬ್ಬಳೇ. ಓದಿ ಕನ್ನಡದಲ್ಲಿ ಹೇಳಬೇಕು. ಗೊತ್ತಿಲ್ಲದ ಮಾತಿಗೆ ಡಿಕ್ಷನರಿ.

ಸದ್ಯ ಈಜಿಪ್ಟ್ ನಡೆದಿದೆ. ನಿದ್ದೆ ಬರುತ್ತಿದೆ.

೧೮-೬

ರಾಜರ ಗೋರಿಗಳ ಅಧ್ಯಾಯ. ಒಳಗೆ ಕುರ್ಚಿ, ಪುಟ್ಟ ದೋಣಿ, ದ್ರಾಕ್ಷಾರಸದ ಗಡಿಗೆ, ರೊಟ್ಟಿ.

"ರೊಟ್ಟಿ ಇಟ್ಟಿದ್ರಾ?" ಎಂದರು ಮಾವ.

"ಹೌದ್ರಿ ಮಾವಾರ. ಮೂರು ಸಾವಿರ ವರ್ಷ ದಾಟೈತಂತೆ. ಒಣಗಿದ್ದು ಹಂಗೇ ಸಿಕ್ಕಾವಂತೆ."

ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು. "ನಾವು ವಿಭೂತಿ ಇಟ್ವಿ, ಪತ್ರಿ ಇಟ್ವಿ. ರೊಟ್ಟಿ ಇಡ್ಲಿಲ್ಲ."

ಪುಟ ತಿರುಗಿಸಿದೆ. ನಮ್ಮ ಯಜಮಾನರು ಹೋಗಿ ಏಳು ವರ್ಷ. ಮಾವನವರ ಹಿರೀಮಗ. ಟೈಫಾಯ್ಡ್, ಹದಿನೆಂಟು ದಿನ. ಈ ಏಳು ವರ್ಷದಲ್ಲಿ ನನ್ನೆದುರು ಅವರ ಮಾತೆತ್ತಿದ್ದು ಇದೇ ಮೊದಲು.

೨೫-೬

ಈಗ ತಿಳಿಯಿತು. ಮಾವನವರಿಗೆ ರಾಜರು ಬೇಡ, ಯುದ್ಧ ಬೇಡ, ಇಸವಿ ಬೇಡ. ಯಾವ ಜನರ ವಿಷಯ ಬಂದರೂ ಒಂದೇ ಪ್ರಶ್ನೆ — "ಸತ್ತೋರು ಎಲ್ಲಿಗೆ ಹೋಗ್ತಾರಂತ ತಿಳ್ಕೊಂಡಿದ್ರು ಇವರು?" ನಮ್ಮ ಮಠದಲ್ಲಿ ಲಿಂಗೈಕ್ಯವೆಂದು ಹೇಳಿಯಾಗಿದೆ. ಕೈಮುಗಿದು ಕೇಳಿ ಬಂದಿದ್ದರು. ಆದರೂ ಊರೂರು ಅಲೆದು ವಿಚಾರಿಸುವವರಂತೆ ಕೇಳುತ್ತಲೇ ಇದ್ದಾರೆ.

ಈಜಿಪ್ಟಿನವರ ತಕ್ಕಡಿ ಅವರಿಗೆ ಹಿಡಿಸಿತು. ಸತ್ತವನ ಹೃದಯವನ್ನು ಒಂದು ಪುಕ್ಕದೆದುರು ಇಟ್ಟು ತೂಗುವುದು. ನಲವತ್ತು ವರ್ಷ ಹತ್ತಿ ತೂಗಿಸಿದ ಮನುಷ್ಯ. "ನನ್ನ ಮಗಂದು ಪುಕ್ಕಕ್ಕಿಂತ ಹಗುರ ಇತ್ತು ಬಿಡು" ಎಂದರು.

ನಮ್ಮ ಯಜಮಾನರು? ಸಿಟ್ಟಿನ ಮನುಷ್ಯ. ಒಳ್ಳೆಯವರೂ ಹೌದು.

ಸಂಜೆ ಓರಗಿತ್ತಿ ಬಸವಣ್ಣೆಮ್ಮ — "ನಿನಗೇನಕ್ಕಾ, ಕುಂತು ಪುಸ್ತಕ ಓದೋದು. ಜೋಳ ಹಸನು ಮಾಡೋದು ನನಗೇ ಬಂತು." ಮೊರ ಅವಳ ಕೈಯಿಂದ ತೆಗೆದುಕೊಂಡೆ. ಜಗಳಕ್ಕೆ ಶಕ್ತಿ ಇಲ್ಲ.

೯-೭

ತಲೆನೋವು. ಎರಡನೆಯ ಸಂಪುಟ. ಸುಮೇರಿಯಾ. ಎರಡು ಹೊಳೆಗಳ ನಡುವಿನ ಜನ, ಜೇಡಿಮಣ್ಣಿನ ಹಲಗೆಯ ಮೇಲೆ ಬರೆಯುತ್ತಿದ್ದವರು. ಮಾವನವರು ಕಾಯುತ್ತಿದ್ದರು, ಆ ಪುಟ ಬಂತು. ಮೊದಲು ಕಣ್ಣಲ್ಲೇ ಓದಿಕೊಂಡೆ.

ಸತ್ತವರದು ಧೂಳಿನ ಮನೆ. ಒಳಗೆ ಹೋದವರು ಬೆಳಕು ಕಾಣುವುದಿಲ್ಲ. ಧೂಳೇ ಊಟ, ಮಣ್ಣೇ ರೊಟ್ಟಿ. ಒಳ್ಳೆಯವರಿಗೂ ಅದೇ, ಕೆಟ್ಟವರಿಗೂ ಅದೇ.

"ಏನೈತೆ?" ಎಂದರು. ಮುಖ ಮುಂದೆ ಮಾಡಿ ಕೂತಿದ್ದರು, ಮಕ್ಕಳ ಹಾಗೆ.

ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಹೊಳೆಯ ದಂಡೆ, ಖರ್ಜೂರದ ಮರ, ಅದರ ನೆರಳಲ್ಲಿ ಸತ್ತವರು ಕೂತಿರುತ್ತಾರೆ. ಮನೆಯವರು ಬರುವ ದಾರಿ ನೋಡುತ್ತಾರೆ. ಹಸಿವಿಲ್ಲ, ಜ್ವರವಿಲ್ಲ.

"ಜ್ವರ ಇಲ್ಲ ಅಂತ ಬರ್ದಾರಾ?"

"ಹೌದ್ರಿ."

ಕಣ್ಣೊರೆಸಿಕೊಂಡರು. ಪುಸ್ತಕ ಮುಚ್ಚಿದೆ. ಕರುಣೆಯೋ, ಬೇಗ ಮುಗಿಸಿ ಮಲಗುವ ಆಸೆಯೋ... ನನಗೇ ಗೊತ್ತಿಲ್ಲ.

೧೯-೭, ಭಾನುವಾರ

ಬಂದವರಿಗೆಲ್ಲ ಮಾವನವರಿಂದ ಸುಮೇರಿಯಾದ ಮರದ ಕತೆ. ಅಡತಿಯವರಿಗೆ, ಕ್ಷೌರದ ಕೆಂಚಣ್ಣನಿಗೆ, ನಂದಿಗುಡಿಯಿಂದ ಬಂದ ಬೀಗರಿಗೆ. "ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಮಣ್ಣಿನ ಹಲಗೀ ಮ್ಯಾಲೆ ಬರ್ದದ್ದು. ಸುಳ್ಳಾಗಕ್ಕೆ ಸಾಧ್ಯ ಇಲ್ಲ."

ನಿದ್ದೆ ಚೆನ್ನಾಗಿ ಬರುತ್ತಿದೆಯಂತೆ. ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಾರೆ. ಬಡಿಸಿದವಳೇ ಒಳಗೆ ಬಂದುಬಿಡುತ್ತೇನೆ.

೨೬-೭, ಭಾನುವಾರ

ಆಗಬೇಕಾದದ್ದು ಆಯಿತು.

ಹೈಸ್ಕೂಲಿನಲ್ಲಿ ಹಿಸ್ಟರಿ ಹೇಳುವ ಕುತುಬುದ್ದೀನ್ ಮೇಷ್ಟರು ಸಂಪುಟಗಳನ್ನು ನೋಡಲು ಬಂದಿದ್ದರು. ಒಳ್ಳೆಯ ಜನ, ಮೆಲುಮಾತು. ಮಾವನವರು ಚಹಾ ಬರುವ ಮೊದಲೇ ಮರದ ಕತೆ ತೆಗೆದರು. ಮೇಷ್ಟರು ಕೇಳಿದರು, ಪುಟ ತೆಗೆದು ನೋಡಿದರು.

"ಹಂಗಿಲ್ಲಲ್ಲ ಯಜಮಾನ್ರೇ. ಕತ್ತಲೆ, ಧೂಳು ಅಂತೈತೆ ಇಲ್ಲಿ. ಬೇರೆ ಪುಸ್ತಕದಾಗೆ ಕೇಳಿರಬೇಕು ನೀವು."

ನಾನು ಬಾಗಿಲ ಹಿಂದೆ, ಕೈಯಲ್ಲಿ ಚಹಾದ ತಟ್ಟೆ. ನನ್ನನ್ನು ಕರೆಯುತ್ತಾರೆ ಎಂದುಕೊಂಡೆ. ಕರೆಯಲಿಲ್ಲ.

"ವಯಸ್ಸಾತು ನೋಡ್ರಿ. ನಾನೇ ತಪ್ಪು ಕೇಳಿಸ್ಕೊಂಡಿರಬೇಕು" ಎಂದರು ಮಾವ.

ಮೇಷ್ಟರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

೨೭-೭

ಕೋಲಿನ ಸದ್ದಿಲ್ಲ.

೧೯-೮

ಇಪ್ಪತ್ತಮೂರು ದಿನ. ಸಂಪುಟಗಳ ಮೇಲೆ ಧೂಳು. ದಿನಾ ಮಧ್ಯಾಹ್ನ ಮಲಗುತ್ತೇನೆ. ಇದೇ ಬೇಕಾಗಿತ್ತಲ್ಲ ನನಗೆ? ಕಣ್ಣು ಮುಚ್ಚುವುದಿಲ್ಲ. ಮೈಯೆಲ್ಲ ಮೊದಲಿಗಿಂತ ಭಾರ.

ಬಡಿಸಲು ಹೋದರೆ "ಬಸವಣ್ಣೆಮ್ಮನ್ನ ಕಳಿಸು" ಎನ್ನುತ್ತಾರೆ. ಮಲ್ಲೇಶಪ್ಪ ಕೇಳಿದ, "ಏನಾತು ವೈನಿ? ಅಪ್ಪಾರು ಅರ್ಧ ರೊಟ್ಟಿಗೇ ಸಾಕಂತಾರೆ." ಏನಿಲ್ಲ ಎಂದೆ.

೨೩-೮, ಭಾನುವಾರ

ನಾನೇ ಹೋದೆ. ಎರಡನೆಯ ಸಂಪುಟ ತೆಗೆದುಕೊಂಡು ಎದುರು ಕೂತೆ.

"ತಪ್ಪಾತ್ರಿ ಮಾವಾರ."

"ಹಂಗ್ಯಾಕ ಹೇಳಿದಿ?"

"ಇದ್ದದ್ದು ಹೇಳಕ್ಕೆ ಬಾಯಿ ಬರ್ಲಿಲ್ರಿ."

"ನನಗೆ ಪುಸ್ತಕದಾಗೆ ಇದ್ದದ್ದು ಬೇಕು. ಸಮಾಧಾನ ಹೇಳೋರು ಈ ಊರಾಗೆ ಬೇಕಾದಷ್ಟು ಅದಾರೆ. ಓದು."

ಓದಿದೆ. ಧೂಳು, ಕತ್ತಲೆ, ಮಣ್ಣಿನ ರೊಟ್ಟಿ. ಒಂದು ಸಾಲೂ ಬಿಡಲಿಲ್ಲ. ಮಾವನವರ ಮುಖ ಅಲುಗಲಿಲ್ಲ. ಮುಗಿದ ಮೇಲೆ ಕೇಳಿದರು —

"ನಿನಗೇನನ್ನಸ್ತೈತೆ? ಅವ ಎಲ್ಲಿ ಅದಾನೆ?"

ಏಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಇದ್ದಾಗ ಕೇಳಲಿಲ್ಲ, ತವರಿನವರು ಕೇಳಲಿಲ್ಲ. ಅಳು ಬಂತು. ಎದ್ದು ಒಳಗೆ ಬಂದೆ.

೩೦-೮, ಭಾನುವಾರ. ಸಂಜೆ

ಹರಿಹರಕ್ಕೆ ಹೋಗಿ ಬಂದೆವು. ಮಾವನವರದೇ ಹಟ. "ಕಸ್ತೂರಿ ಒಬ್ಬಳೇ ಬರ್ಲಿ ಸಾಕು" ಎಂದು ನನ್ನನ್ನೇ ಕರೆದರು. ಬೆಳಗಿನ ರೈಲು, ಅಲ್ಲಿಂದ ಜಟಕಾ. ಗುತ್ತೂರಿನ ಕಡೆ ನಮ್ಮ ಹೊಲ. ಅಲ್ಲೇ ನಮ್ಮ ಯಜಮಾನರ ಸಮಾಧಿ. ಮಣ್ಣು ಕೊಟ್ಟ ದಿನ ನನ್ನನ್ನು ಮನೆಯಲ್ಲೇ ಕೂರಿಸಿದ್ದರು. ಇವತ್ತೇ ಮೊದಲು ನೋಡಿದ್ದು. ಸಣ್ಣ ಕಟ್ಟೆ. ಸುಣ್ಣ ಉದುರಿದೆ. ಆಚೆ ಯಾವುದೋ ಕಾರ್ಖಾನೆಯ ಗೋಡೆ ಏಳುತ್ತಿದೆ, ಕಲ್ಲು ಒಡೆಯುವ ಸದ್ದು.

ಮಾವನವರು ಕಟ್ಟೆಯನ್ನು ತಡವಿ ತಡವಿ ನೋಡಿದರು. ಅದರ ಪಕ್ಕ ನೆಲದಲ್ಲೇ ಕೂತರು.

ನಾನು ಹೇಳಿದೆ. ಹೇಗೆ ಬಂತೋ.

"ಅವರು ಎಲ್ಲೂ ಇಲ್ಲ ಅನ್ನಸ್ತೈತ್ರಿ ಮಾವಾರ. ಮರದ ಕೆಳಗೂ ಇಲ್ಲ, ಧೂಳಿನಾಗೂ ಇಲ್ಲ. ಮೊದಮೊದಲು ಹುಡುಕಿದೆ. ಈಗ ದಣಿವಾಗೈತೆ."

ಕಲ್ಲು ಒಡೆಯುವವರು ನಿಲ್ಲಿಸಿ ಮತ್ತೆ ಶುರು ಮಾಡಿದರು.

"ಸಿಟ್ಟಾಗಬ್ಯಾಡ್ರಿ. ಸತ್ತೋರ ವಿಷಯ ಇನ್ನು ನನ್ನ ಕೈಲಿ ಓದಕ್ಕಾಗಲ್ಲ. ಅದೇ ಪುಸ್ತಕದಾಗೆ ಅವರು ಏನು ಉಣ್ತಿದ್ರು, ಹೆಂಗೆ ನೇಯ್ತಿದ್ರು, ಮನಿ ಹೆಂಗೆ ಕಟ್ತಿದ್ರು, ಎಲ್ಲಾ ಐತೆ. ಅದನ್ನೆಲ್ಲ ದಾಟಿ ದಾಟಿ ಗೋರಿಗೇ ಬರ್ತೀವಿ ನಾವು."

ಸಿಟ್ಟು ಬಂತು. ಕಂಡೆ. ತುಟಿ ಬಿಗಿಯಿತು. ಕೋಲು ನೆಲಕ್ಕೆ ಊರಿದರು, ಏಳಲಾಗಲಿಲ್ಲ. ನಾನು ಕೈ ಕೊಟ್ಟೆ. ಹಿಡಿದರು. ಎದ್ದ ಮೇಲೂ ಬಿಡಲಿಲ್ಲ.

"ನಾನು ಒಬ್ಬನೇ ಹುಡುಕ್ತಿದೀನಿ ಅಂತ ತಿಳಿದಿದ್ದೆ" ಎಂದರು.

ವಾಪಸು ರೈಲಿನಲ್ಲಿ ನಾನು ಕೂತಲ್ಲೇ ನಿದ್ದೆ ಹೋದೆನಂತೆ. ದಾವಣಗೆರೆ ಬಂದಾಗ ಅವರೇ ಎಬ್ಬಿಸಿದರು.

೩-೯, ಗುರುವಾರ

ಕೋಲಿನ ಸದ್ದಲ್ಲ, ದನಿ. "ಕಸ್ತೂರೀ, ಕೆಲಸ ಮುಗಿದಿದ್ರೆ ಬಾ. ದಣಿದಿದ್ರೆ ಬ್ಯಾಡ." ದಣಿದಿದ್ದೆ. ಆದರೂ ಹೋದೆ.

ಮೂರನೆಯ ಸಂಪುಟ. ಸಮುದ್ರದ ನಡುವಿನ ಒಂದು ದ್ವೀಪ, ಕ್ರೀಟ್. ಅರಮನೆ, ಎಣ್ಣೆ ತುಂಬಿಡುವ ದೊಡ್ಡ ದೊಡ್ಡ ಮಣ್ಣಿನ ವಾಡೆ, ನೀರು ಹರಿಯಲು ಮಣ್ಣಿನ ಕೊಳವೆ. ಮಾವನವರಿಗೆ ಕೊಳವೆಯ ಮೇಲೆ ಬಹಳ ಪ್ರಶ್ನೆ. "ನಮ್ಮ ಮುನಿಸಿಪಾಲ್ಟಿಯೋರು ನೋಡಬೇಕು ಇದನ್ನ" ಎಂದು ನಕ್ಕರು.

ಆಮೇಲೆ ಬಣ್ಣದ ಚಿತ್ರದ ಪುಟ. ಈವರೆಗೆ ಚಿತ್ರಗಳನ್ನು ಹಾಗೇ ದಾಟಿಸುತ್ತಿದ್ದೆ. ಕಾಣದವರಿಗೆ ಏನೆಂದು ಹೇಳುವುದು? ಇವತ್ತು ಹೇಳಿದೆ. ಗೋಡೆಯ ಮೇಲೆ ಬರೆದದ್ದು. ಮೂವರು ಹೆಂಗಸರು. ಹಣೆಯ ಮೇಲೆ ಸುರುಳಿ ಕೂದಲು, ಕೂದಲಲ್ಲಿ ಮುತ್ತಿನ ಸರ. ಏನೋ ಮಾತಾಡಿಕೊಳ್ಳುತ್ತಿದ್ದಾರೆ. ಹಿಂದೆಲ್ಲ ನೀಲಿ.

"ಎಂಥ ನೀಲಿ?"

ಹೇಳಲು ಹೋದೆ. ಆಕಾಶ ಅಂದರೆ ಅಲ್ಲ. ಹೊಳೆ ಅಂದರೆ ಅಲ್ಲ. ಕಣ್ಣ ಹತ್ತಿರ ಹಿಡಿದರೆ ಬಣ್ಣ ಇನ್ನೂ ಗೊತ್ತಾಗುತ್ತದೆ ಅವರಿಗೆ. ಆದರೆ ಚಿತ್ರ ಬಲು ಸಣ್ಣದು. ನನ್ನ ಟ್ರಂಕಿನ ತಳದಲ್ಲಿ ಒಂದು ಇಳಕಲ್ ಸೀರೆ, ಸರಿಯಾಗಿ ಅದೇ ನೀಲಿ. ಈ ಬಿಳಿ ಉಡತೊಡಗಿದ ಮೇಲೆ ತೆಗೆದೇ ಇರಲಿಲ್ಲ. ತಂದೆ. ಕಿಟಕಿಯ ಬೆಳಕಿಗೆ ಬಿಚ್ಚಿ ಹಿಡಿದೆ. ಮುಖ ಹತ್ತಿರ ತಂದು ನೋಡಿದರು. ಮುಟ್ಟಿ ನೋಡಿದರು.

"ಇದಾ?"

"ಇದೇ ರೀ."

"ಚಲೋ ಬಣ್ಣ. ಪೆಟ್ಟಿಗ್ಯಾಗೆ ಯಾಕಿಟ್ಟಿ?"

ಬಾಗಿಲಲ್ಲಿ ಬಸವಣ್ಣೆಮ್ಮ ನಿಂತಿದ್ದಳು. ಬಾಯಿಯ ಮೇಲೆ ಕೈ. ನಾನು ಮಡಚಲು ಹೋದೆ. ಮಾವನವರು ಸೆರಗಿನ ತುದಿ ಬಿಡಲಿಲ್ಲ.

ಈಗ ಸಂಜೆ ಆರು. ಒಲೆ ಹಚ್ಚಬೇಕು. ಸೀರೆ ಇಲ್ಲೇ, ತೊಡೆಯ ಮೇಲೆ. ಮಡಿಕೆಯಲ್ಲಿ ಎರಡು ಕಡೆ ಸವೆದಿದೆ, ಉಟ್ಟರೆ ಸವೆದದ್ದು ನೆರಿಗೆಯ ಒಳಗೆ ಹೋಗುತ್ತದೆ. ನಾಳೆ ಶುಕ್ರವಾರ. ತಲೆಸ್ನಾನ ಮಾಡಿ ಇದನ್ನೇ ಉಡಬೇಕು.