ಹರಿಹರದ ಸಹಿ ಬಾಕಿ

ಹರಿಹರ, ಇಸವಿ ೨೧೯೬
ಎರಡನೆಯ ಆಷಾಢದ ಮೂವತ್ತೆರಡನೆಯ ದಿನ

ದಾವಣಗೆರೆಯ ಹಾಲೇಶ ಮತ್ತು ಪುಷ್ಪಲತಾ ದಂಪತಿಗೆ,

ನಿಮ್ಮನ್ನು ಚಿರಂಜೀವಿ ಎನ್ನಬೇಕೋ ಪೂಜ್ಯರೇ ಎನ್ನಬೇಕೋ ತಿಳಿಯದೆ ಅರ್ಧ ಗಂಟೆ ಕೂತೆ. ನನಗೆ ಎಪ್ಪತ್ತೊಂದು, ನಿಮಗೆ ಮೂವತ್ತು ಚಿಲ್ಲರೆ. ಆದರೆ ನೀವು ಹುಟ್ಟಿದ್ದು ನನಗಿಂತ ನೂರಮೂವತ್ತು ವರ್ಷ ಮೊದಲು! ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಪಂಚಾಂಗವನ್ನು ಹೊಸದಾಗಿ ಹೊಂದಿಸಿದಾಗ ತಿಂಗಳುಗಳು ಉದ್ದವಾದವು. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು, ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತವಳು ನಾನು. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನಕ್ಕೆ ಒಂದೇ ಪತ್ರ. ಎಲ್ಲರೂ ತಮ್ಮ ಅಜ್ಜ ಮುತ್ತಜ್ಜಂದಿರಿಗೆ ಬರೆದುಕೊಳ್ಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಅವಸ್ಥೆ ನನಗೆ ಗೊತ್ತು. ಸಾಲ ಮಂಜೂರಾಗಿ ನಾಲ್ಕು ತಿಂಗಳಾಯಿತು, ಮನೆ ಮಾತ್ರ ಕೈಗೆ ಬಂದಿಲ್ಲ. ಹಾಲೇಶ ದಿನಾ ಬಸ್ ಡಿಪೋದಿಂದ ಬ್ಯಾಂಕಿಗೆ ಫೋನು ಮಾಡುತ್ತಾನೆ, ಅವರು ದಿನಾ ಫೈಲು ಲೀಗಲ್‌ನಲ್ಲಿದೆ ಎನ್ನುತ್ತಾರೆ. ಪುಷ್ಪಲತಾ ಪಾತ್ರೆಗಳನ್ನೆಲ್ಲ ರಟ್ಟಿನ ಡಬ್ಬಿಗೆ ತುಂಬಿ, ಒಗ್ಗರಣೆ ಸೌಟು ಬೇಕಾದಾಗ ಒಂದೊಂದೇ ಡಬ್ಬಿ ಬಿಚ್ಚುತ್ತಾಳೆ. ಬಾಡಿಗೆ ಮನೆಯ ಮಾಲೀಕರು ಬೇರೆಯವರಿಗೆ ಮಾತು ಕೊಟ್ಟಾಗಿದೆ, ನಲ್ಲಿ ನೋಡುವ ನೆಪದಲ್ಲಿ ವಾರಕ್ಕೆರಡು ಸಲ ಒಳಗೆ ಬರುತ್ತಾರೆ. ಇನ್ನು ಗೃಹಪ್ರವೇಶದ ಕಾರ್ಡು! ಮುಹೂರ್ತ ಚೆನ್ನಾಗಿದೆಯೆಂದು ಇನ್ನೂರು ಕಾರ್ಡು ಅಚ್ಚು ಹಾಕಿಸಿ ಹಂಚಿಬಿಟ್ಟಿರಿ. ಬ್ಯಾಂಕಿನ ವಕೀಲರನ್ನು ಒಂದು ಮಾತು ಕೇಳಬಾರದಿತ್ತೇ ತಾಯಿ? ಬೈಯುತ್ತಿಲ್ಲ, ಹೊಟ್ಟೆ ಉರಿದು ಹೇಳಿದೆ. ಆ ದಿನ ಬಂದು ಹೋಯಿತು. ಹೊಸಮನೆ ಊಟ ಯಾವಾಗ ಎಂದು ಕೇಳುವವರಿಗೆ ಹೇಳಿ ಹೇಳಿ ನಿಮ್ಮ ಬಾಯಿ ಒಣಗಿದೆ.

ನಮ್ಮ ಕಾಲದಲ್ಲಿ ಎಲ್ಲ ಸುಸೂತ್ರ ಎಂದುಕೊಳ್ಳಬೇಡಿ. ನಮ್ಮ ಗೋಡೆಗಳನ್ನು ಹೊಳೆಮಣ್ಣು ಮತ್ತು ಬೇರಿನಿಂದ ಬೆಳೆಸುತ್ತಾರೆ. ಅವು ಬಲಿಯಲು ಒಂದು ವರ್ಷ ಸಾಕು, ಕಾಗದ ಬಲಿಯಲು ಎರಡು ವರ್ಷ ಬೇಕು. ನಾನೂ ನನ್ನ ಮೊದಲ ಮನೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳೇ. ತಾಳಿದವನು ಬಾಳಿಯಾನು ಎಂದು ನನಗೆ ಬುದ್ಧಿ ಹೇಳಿದವರೆಲ್ಲ ಸ್ವಂತ ಮನೆಯ ಜಗುಲಿಯಲ್ಲಿ ಕೂತೇ ಹೇಳಿದರು. ಆದರೆ ನಮ್ಮಲ್ಲಿ ಕಾಯುವವರನ್ನು ಒಂಟಿ ಬಿಡುವುದಿಲ್ಲ. ಮನೆಗಾಗಿ ಕಾಯುವ ದಿನಗಳಿಗೆ ಕಾಯ್ದಿನ ಎನ್ನುತ್ತೇವೆ. ಕಾಯ್ದಿನದಲ್ಲಿ ಓಣಿಯವರು ಸರದಿಯ ಮೇಲೆ ರೊಟ್ಟಿ, ಪಲ್ಯ ಕಳಿಸುತ್ತಾರೆ, ಏಕೆಂದರೆ ಮನಸ್ಸು ಕೆಟ್ಟವರ ಅಡುಗೆಗೆ ಉಪ್ಪು ಹೆಚ್ಚಾಗುತ್ತದೆ. ಸಾಲ ಕೊಡುವ ಕಚೇರಿಯವರು ವಾರಕ್ಕೊಮ್ಮೆ ಮನೆಗೇ ಬಂದು, ಕಾಗದ ಎಲ್ಲಿ ನಿಂತಿದೆ, ಯಾರ ಕೈಯಲ್ಲಿದೆ ಎಂದು ಎದುರು ಕೂತು ಹೇಳಬೇಕು. ಇದಕ್ಕೆ ಬಾಯಿವರದಿ ಎಂದು ಹೆಸರು. ತಡವೆಂದರೆ ಎಲ್ಲೋ ಒಬ್ಬ ಮನುಷ್ಯ ಇದ್ದಾನೆ, ಅವನ ಹೆಸರು ತಿಳಿದರೆ ಅರ್ಧ ಸಂಕಟ ಇಳಿಯುತ್ತದೆ. ನಿಮಗೆ ಬಾಯಿವರದಿ ಕೊಡುವವರು ಯಾರೂ ಇಲ್ಲದ್ದರಿಂದ ನಾನೇ ಕೊಡುತ್ತೇನೆ.

ನಿಮಗೆ ಮನೆ ಮಾರುತ್ತಿರುವ ಮುರಿಗೆಪ್ಪನವರು ತಮ್ಮ ತಂದೆಗೆ ತಾವೊಬ್ಬರೇ ಸಂತಾನ ಎಂದಿದ್ದರು. ತಂದೆ ಉಯಿಲು ಬರೆಯದೆ ತೀರಿದ್ದರಿಂದ ವಕೀಲರು ವಂಶವೃಕ್ಷ ತನ್ನಿ ಎಂದರು, ಅಂದರೆ ಆ ಮನೆಯಲ್ಲಿ ಹುಟ್ಟಿದವರೆಲ್ಲರ ಹೆಸರಿರುವ ಪ್ರಮಾಣಪತ್ರ. ಆಗ ನಿಮಗೆ ಆ ಮನೆ ತೋರಿಸಿದ ಏಜೆಂಟನ ಬಾಯಿಂದ ನಿಜ ಹೊರಬಿತ್ತು. ಮುರಿಗೆಪ್ಪನವರಿಗೆ ಒಬ್ಬ ತಂಗಿ ಇದ್ದಾರೆ, ಸಾವಂತ್ರಮ್ಮ, ಹರಿಹರದಲ್ಲಿ. ಆಕೆ ತನ್ನ ಹಕ್ಕು ಬಿಟ್ಟೆನೆಂದು ಸಹಿ ಹಾಕದೆ ಬ್ಯಾಂಕು ದುಡ್ಡು ಬಿಡುವುದಿಲ್ಲ. ಅಣ್ಣ ತಂಗಿಗೆ ಹದಿನಾಲ್ಕು ವರ್ಷದಿಂದ ಮಾತಿಲ್ಲ. ಸಾಲದ ಮಂಜೂರಾತಿಯ ಅವಧಿ ಮುಗಿಯಲು ಉಳಿದಿರುವುದು ಹನ್ನೊಂದು ದಿನ. ಹಾಗಾಗಿ ನಿನ್ನೆ ಏಜೆಂಟ ನಿಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, ಆಯಮ್ಮನ ಹೆಸರಿಲ್ಲದ ವಂಶವೃಕ್ಷ ಮಾಡಿಸೋಣ, ಹೆಣ್ಣುಮಕ್ಕಳ ಹೆಸರು ಯಾರ್ ನೋಡ್ತಾರೆ ಬಿಡಿ ಅಕ್ಕಾ, ನೀವು ಹ್ಞೂಂ ಅನ್ನಿ ಸಾಕು ಎಂದ. ನೀವಿಬ್ಬರೂ ಇನ್ನೂ ಹ್ಞೂಂ ಎಂದಿಲ್ಲ. ನಾಳೆ ಹೇಳುತ್ತೇವೆ ಎಂದಿದ್ದೀರಿ.

ಆ ನಾಳೆ ನೀವು ಹ್ಞೂಂ ಎಂದಿರಿ. ಒಂದು ವಾರದಲ್ಲಿ ಕಾಗದ ಬಂತು, ಮನೆ ನಿಮ್ಮದಾಯಿತು, ಪುಷ್ಪಲತಾ ಹಾಲು ಉಕ್ಕಿಸಿದಳು. ಎರಡು ವರ್ಷದ ಮೇಲೆ ಸಾವಂತ್ರಮ್ಮನ ಮಗನಿಗೆ ವಿಷಯ ಗೊತ್ತಾಗಿ ದಾವೆ ಹಾಕಿಸಿದ. ದಾವೆ ಹದಿನೆಂಟು ವರ್ಷ ನಡೆಯಿತು. ಕಂತೂ ಕಟ್ಟಿದಿರಿ, ವಕೀಲರಿಗೂ ಕಟ್ಟಿದಿರಿ. ಸೋರುವ ಮಾಳಿಗೆಯನ್ನು ರಿಪೇರಿ ಮಾಡಿಸಲಿಲ್ಲ, ನಾಳೆ ಮನೆ ಯಾರದ್ದೋ ಏನೋ ಎಂದು. ಹಾಲೇಶನಿಗೆ ಸಕ್ಕರೆ ಕಾಯಿಲೆ ಬಂದದ್ದು ಕೋರ್ಟಿನ ಬೆಂಚಿನ ಮೇಲೇ. ಇದನ್ನು ಬರೆಯಲು ನನಗೆ ನಾಚಿಕೆ. ಏಕೆಂದರೆ ನಿಮ್ಮನ್ನು ಹಾಗೆ ಅಲೆಸಿದವರು ನಮ್ಮವರು. ಸಾವಂತ್ರಮ್ಮ ನನಗಿಂತ ಆರು ತಲೆಮಾರು ಹಿಂದಿನ ಅಜ್ಜಿ. ಆ ದಾವೆಯ ಕಡತ ನಮ್ಮ ಮನೆಯಲ್ಲಿದೆ, ನೀವಿಬ್ಬರೂ ಕೋರ್ಟಿನಲ್ಲಿ ಹೇಳಿಕೊಂಡದ್ದೆಲ್ಲ ಅದರಲ್ಲಿದೆ, ನಾನು ನಿಮ್ಮ ಕಾಲದ ಕನ್ನಡ ಕಲಿತದ್ದು ಅದರಿಂದಲೇ.

ಅದರಲ್ಲಿ ಸಾವಂತ್ರಮ್ಮನ ಹೇಳಿಕೆಯೂ ಇದೆ. ನ್ಯಾಯಾಧೀಶರು ಎಷ್ಟು ಪಾಲು ಬೇಕಮ್ಮಾ ಎಂದು ಕೇಳಿದ್ದಾರೆ. ಆಕೆ ಹೇಳಿದ್ದು ಇಷ್ಟು: ನಂಗೆ ಪಾಲು ಬ್ಯಾಡ್ರಿ ಸಾಹೇಬ್ರೆ. ಆ ಗೋಡೆಗೆಲ್ಲ ನಲವತ್ತು ದಿನ ಕೊಡದಾಗೆ ನೀರು ಹೊತ್ತು ಹಾಕ್ದೋಳು ನಾನು. ಬಂದು ಕೇಳಿದ್ರೆ ಅವತ್ತೇ ಸಹಿ ಹಾಕ್ತಿದ್ದೆ. ನಾನು ಹುಟ್ಟೇ ಇಲ್ಲ ಅಂತ ಬರೆಸಿದ್ರಲ್ಲ, ಅದಕ್ಕೆ ಬಂದೀನಿ. ಇದನ್ನು ಓದಿದಾಗಲೆಲ್ಲ ನನಗೆ ಅಳು ಬರುತ್ತದೆ, ಆಕೆಗಾಗಿಯೂ ನಿಮಗಾಗಿಯೂ.

ನನ್ನ ಕೋರಿಕೆ ಒಂದೇ. ಏಜೆಂಟನಿಗೆ ಉಹ್ಞೂಂ ಎನ್ನಿ. ಭಾನುವಾರ ಇಬ್ಬರೂ ಹರಿಹರದ ಬಸ್ಸು ಹತ್ತಿ, ಅರ್ಧ ಗಂಟೆಯ ದಾರಿ. ನಾಲ್ಕು ತಿಂಗಳ ತಡ ಕೂತಿರುವುದು ಅಷ್ಟು ಹತ್ತಿರದಲ್ಲಿ. ಒಂದು ರವಿಕೆ ಕಣ, ಅರಿಶಿನ ಕುಂಕುಮ ತೆಗೆದುಕೊಂಡು ಹೋಗಿ. ಕಾಗದವನ್ನು ಮೊದಲೇ ಹೊರಗೆ ತೆಗೆಯಬೇಡಿ, ಆಕೆ ಕೊಟ್ಟ ಚಹಾ ಪೂರ್ತಿ ಕುಡಿಯಿರಿ. ಆಕೆ ಗೊಣಗುತ್ತಾರೆ, ಅಣ್ಣನನ್ನು ಬೈಯುತ್ತಾರೆ, ಕೇಳಿಸಿಕೊಳ್ಳಿ. ಆಮೇಲೆ, ನೀವು ನೀರು ಹಾಕಿ ಬೆಳೆಸಿದ ಗೋಡೆಯ ಮನೆಗೆ ನಾವು ಬರುತ್ತಿದ್ದೇವೆ, ಹಾಲು ಉಕ್ಕಿಸುವಾಗ ಪಕ್ಕದಲ್ಲಿ ನಿಲ್ಲಬೇಕು ಎಂದು ಕರೆಯಿರಿ. ಬಹುಶಃ ಹನ್ನೊಂದು ದಿನ ಸಾಲದೆ ಬ್ಯಾಂಕಿಗೆ ಮತ್ತೆ ಅರ್ಜಿ ಹಾಕಬೇಕಾದೀತು, ಇನ್ನೆರಡು ತಿಂಗಳು ಮಾಲೀಕರ ಮುಖ ನೋಡಬೇಕಾದೀತು. ಕಷ್ಟವೇ. ಆದರೂ ಕಾಯಿರಿ.

ನೀವು ಹೋದರೆ ಆ ದಾವೆ ನಡೆಯುವುದಿಲ್ಲ. ದಾವೆ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಆ ಕಡತ ಇರುವುದಿಲ್ಲ, ಹಾಲೇಶ, ಪುಷ್ಪಲತಾ ಎಂಬ ಇಬ್ಬರು ಇದ್ದರೆಂದೇ ನನಗೆ ತಿಳಿಯುವುದಿಲ್ಲ. ದೇವರು ದೊಡ್ಡವನು, ನಿಮ್ಮ ಹೆಸರು ನನ್ನ ಕಿವಿಗೆ ಎಂದೂ ಬೀಳದಿರಲಿ.

ಇಂತಿ,
ಸಾವಂತ್ರಮ್ಮನ ಮನೆಯ ನೀಲಗಂಗಾ