ಬಾನೆಟ್ ಬಿಸಿಯಾಗಿತ್ತು

ಮೆರೀನ್ ಸಿಟಿ, ಮಿಷಿಗನ್
9 ಜೂನ್ 1994, ಗುರುವಾರ

ನನ್ನ ಪ್ರೀತಿಯ ಲೈಲ್,

ನಿನ್ನ ಎಡಮಂಡಿ ಹೇಗಿದೆ? "ಚೆನ್ನಾಗಿದೆ" ಎಂದು ಒಂದೇ ಮಾತು ಬರೆದು ಕೈತೊಳೆದುಕೊಳ್ಳಬೇಡ. ಹಡಗಿನ ಚುಕ್ಕಾಣಿ ಹಿಡಿದು ಪಾಳಿಯಿಡೀ ನಿಂತರೆ ಊದಿಕೊಳ್ಳುತ್ತದೆಯೋ ಇಲ್ಲವೋ, ಏಣಿ ಹತ್ತುವಾಗ ಕಂಬಿ ಹಿಡಿಯುತ್ತೀಯೋ ಇಲ್ಲವೋ, ಅದನ್ನು ಬರೆ. ನಾನು ಚೀಲದಲ್ಲಿಟ್ಟ ಮುಲಾಮಿನ ಡಬ್ಬಿಯ ಮುಚ್ಚಳವನ್ನು ನೀನಿನ್ನೂ ತೆಗೆದಿಲ್ಲ ಎಂದು ಇಲ್ಲಿ ಕೂತೇ ಹೇಳಬಲ್ಲೆ. ಹೊಸ ಅಡುಗೆಯವನು ಉಪ್ಪು ಜಾಸ್ತಿ ಹಾಕುತ್ತಾನೆ ಅಂದಿದ್ದೆಯಲ್ಲ, ಅವನಿಗೆ ನನ್ನ ಹೆಸರು ಹೇಳಿ ಒಂದು ಮಾತು ಹೇಳು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಟೊಮೇಟೊ ಸಸಿಗಳು ಬೇರು ಹಿಡಿದಿವೆ. ಮೊಲ ಬಂದು ಒಂದು ಸಾಲು ಮೇಯ್ದು ಹೋಯಿತು, ಹೋಗಲಿ ಬಿಡು, ಅದಕ್ಕೂ ಹೊಟ್ಟೆ ಇದೆ. ಪಕ್ಕದ ಮನೆಯ ರೋಸಲಿ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ಇನ್ನು ಕಾರಿನ ವಿಷಯ. ಕಾಗದ ಬಿಚ್ಚಿದ ಕೂಡಲೇ ನೀನು ಹುಡುಕುವುದು ಇದನ್ನೇ ಎಂದು ಗೊತ್ತಿದ್ದೂ ಮೊದಲು ಮಂಡಿಯನ್ನು ಕೇಳಿದೆ, ಬೈಯಬೇಡ. ನೀನು ಹೇಳಿಹೋದ ಹಾಗೆ ಜಾಹೀರಾತು ಕೊಟ್ಟೆ. "ಮಾರಾಟಕ್ಕಿದೆ: 1969ರ ಪಾಂಟಿಯಾಕ್ ಜಿಟಿಒ, ಹಸಿರು ಬಣ್ಣ, ನಾಲ್ಕು ಗೇರು, ಸಂಪೂರ್ಣ ದುರಸ್ತಿ." ಅಚ್ಚಾದದ್ದನ್ನು ನೋಡಿದಾಗ ನನಗೆ ಸಿಟ್ಟು ಬಂತು. ಸಂಪೂರ್ಣ ದುರಸ್ತಿಯಂತೆ! ಸರೋವರಗಳು ಹೆಪ್ಪುಗಟ್ಟಿ ಹಡಗು ಕಟ್ಟೆಗೆ ನಿಂತ ಒಂಬತ್ತು ಚಳಿಗಾಲ ನೀನು ಗ್ಯಾರೇಜಿನಲ್ಲಿ ಬೆನ್ನಿನ ಮೇಲೆ ಮಲಗಿದ್ದು, ಊಟಕ್ಕೆ ಕರೆದರೆ "ಬಂದೆ, ಬಂದೆ" ಎಂದು ಕಾರಿನ ಅಡಿಯಿಂದಲೇ ಕೂಗಿ ಸಾರು ಆರುವವರೆಗೂ ಬಾರದೇ ಇದ್ದದ್ದು, ಕಾರ್ಬ್ಯುರೇಟರನ್ನು ನನ್ನ ಕೇಕಿನ ತಟ್ಟೆಯಲ್ಲಿ ಅದ್ದಿಟ್ಟಿದ್ದು, ಎಲ್ಲವೂ ಆ ಎರಡು ಪದದೊಳಗೆ ಮುಗಿದುಹೋಯಿತು.

ದುಡ್ಡಿಗಾಗಿ ನಾವು ಅದನ್ನು ಮಾರುತ್ತಿಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಏಪ್ರಿಲ್ ತಿಂಗಳಲ್ಲಿ, ಮಂಡಿಯ ಆಪರೇಷನ್ ಆದ ಮೇಲೆ ಮೊದಲ ಸಲ ಅದನ್ನು ತೆಗೆದೆಯಲ್ಲ, ಸೇತುವೆಯ ಮೇಲೆ ಎಡಗಾಲು ಕ್ಲಚ್ ಒತ್ತಲಾರದೆ ಹೋಗಿ ಗಾಡಿ ನಿಂತುಬಿಟ್ಟಿತು. ಹಿಂದಿನವರು ಹಾರ್ನ್ ಹೊಡೆದರು. ನಿನ್ನ ತಮ್ಮ ಗಾರ್ಡಿ ಬಂದು ಅದನ್ನು ಮನೆಯವರೆಗೆ ಓಡಿಸಿ ತಂದ. ಸಾವಿರ ಅಡಿ ಉದ್ದದ ಹಡಗನ್ನು ಈ ಕಿರಿದಾದ ನದಿಯಲ್ಲಿ ನಡೆಸುವ ಮನುಷ್ಯ ನೀನು, ಅವತ್ತು ಗ್ಯಾರೇಜಿನ ಬಾಗಿಲೆಳೆದು ಒಂದೇ ಮಾತು ಅಂದೆ: "ಓಡ್ಸೋಕಾಗದ ಗಾಡಿ ಇಟ್ಕೊಳ್ಳೋಕೆ ಇದೇನು ಮ್ಯೂಸಿಯಮ್ಮಾ? ನಾನು ವಾಪಸ್ ಬರೋದ್ರೊಳಗೆ ಕೊಟ್ಬಿಡು. ಓಡ್ಸೋರಿಗೆ ಕೊಡು, ನಿಲ್ಲಿಸ್ಕೊಳ್ಳೋರಿಗೆ ಬೇಡ." ನೀನು ಅಳಲಿಲ್ಲ. ನಾನು ಅಡುಗೆಮನೆಯಲ್ಲಿ ಅತ್ತೆ, ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಸುಳ್ಳು ಹೇಳಿದೆ.

ಮೊದಲು ನೋಡಲು ಬಂದವನು ಡೆಟ್ರಾಯಿಟ್ ಹತ್ತಿರದ ಬರ್ಮಿಂಗ್‌ಹ್ಯಾಮಿನ ಹಲ್ಲಿನ ಡಾಕ್ಟರು. ಶನಿವಾರ ಹತ್ತಕ್ಕೆ ಬರುತ್ತೇನೆ ಅಂದಿದ್ದ. ಕೊಳ್ಳುವವರು ಬರುವ ಮುಂಚೆ ಎಂಜಿನ್ ಮುಟ್ಟಬಾರದು, ತಣ್ಣಗಿರುವ ಗಾಡಿಯನ್ನು ಅವರೇ ಸ್ಟಾರ್ಟ್ ಮಾಡಿ ನೋಡಬೇಕು, ಬಿಸಿ ಮಾಡಿಟ್ಟರೆ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಾರೆ ಎಂದು ನೀನು ಮೂರು ಸಲ ಹೇಳಿದ್ದೆ. ನೆನಪಿತ್ತು. ಬೆಳಿಗ್ಗೆ ಬರೀ ಒರೆಸಲೆಂದು ಹೋದೆ. ಒರೆಸಿದೆ. ಅಂಗಳದ ಬೆಳಕಿಗೆ ತಂದರೆ ಬಣ್ಣ ಚೆನ್ನಾಗಿ ಕಾಣುತ್ತದೆ ಎನ್ನಿಸಿ ನಿನ್ನ ಸೀಟಿನಲ್ಲಿ ಕೂತೆ. ಕಾಲು ಎಟುಕಲಿಲ್ಲ, ಸೀಟನ್ನು ಮುಂದಕ್ಕೆಳೆದುಕೊಂಡೆ. ಹೌದು, ಎಳೆದುಕೊಂಡೆ. ಇಷ್ಟು ವರ್ಷ ಯಾರೂ ಅಲುಗಾಡಿಸದ ಸೀಟನ್ನು ಎಳೆದುಕೊಂಡೆ. ಮದುವೆಯಾದ ಹೊಸತರಲ್ಲಿ ನಿನ್ನ ಟ್ರಕ್ಕು ಓಡಿಸಲು ಹೋದಾಗ "ಜಿರಲೆ ತುಳ್ದಂಗೆ ಕ್ಲಚ್ ತುಳೀತೀಯಲ್ಲೇ" ಅಂದಿದ್ದೆ, ಅವತ್ತಿನಿಂದ ಗೇರಿನ ಗಾಡಿಯನ್ನು ನಾನು ಮುಟ್ಟಿರಲಿಲ್ಲ.

ಅಂಗಳದಲ್ಲಿ ನಿಲ್ಲಿಸಲು ಮನಸ್ಸಾಗದೆ ರಸ್ತೆಗೇ ಇಳಿಸಿದೆ. ರೋಸಲಿಯ ಅಂಚೆಪೆಟ್ಟಿಗೆಯ ಮುಂದೆ ಒಮ್ಮೆ ಆಫ್ ಆಯಿತು. ಅವಳು ರಾತ್ರಿಯ ನಿಲುವಂಗಿಯಲ್ಲೇ ಹೊರಗೆ ಬಂದು, "ಏ ವರ್ನಾ, ಬೆಳ್‌ಬೆಳಿಗ್ಗೆ ಯಾರ್ ಜೊತೆ ಓಡ್‌ಹೋಗ್ತಿದೀಯೇ?" ಎಂದು ಕೂಗಿದಳು. "ನನ್ನ ಸವತಿ ಜೊತೆ!" ಎಂದು ನಾನೂ ಕೂಗಿದೆ. ಎರಡನೆಯ ಸಲ ಹೊರಟದ್ದು ನಿಲ್ಲಲಿಲ್ಲ. ನದಿ ರಸ್ತೆ ಹಿಡಿದು ಆಲ್ಗೊನಾಕ್ ಊರಿನವರೆಗೆ ಹೋಗಿಬಿಟ್ಟೆ, ಅಲ್ಲಿ ಡೋನಟ್ ಕೊಂಡೆ. ಬರುವಾಗ ನದಿಯಲ್ಲಿ ಮೇಲಕ್ಕೆ ಹೊರಟ ಒಂದು ಅದಿರಿನ ಹಡಗು ನನ್ನ ಬಲಗಡೆಗೇ ಬರುತ್ತಿತ್ತು. ಯಾರದೋ ಮನೆಯ ಅಂಗಳದಲ್ಲಿ ಕೈಬೀಸುತ್ತಿದ್ದವರಿಗೆ ಅದು ಮೂರು ಉದ್ದ, ಎರಡು ಗಿಡ್ಡ ಕೂಗಿ ನಮಸ್ಕಾರ ಹೇಳಿತು. ನನಗಲ್ಲ ಎಂದು ಗೊತ್ತಿದ್ದರೂ ನಾನು ಹಾರ್ನ್ ಒತ್ತಿ ಹಾಗೇ ಉತ್ತರ ಕೊಟ್ಟೆ. ಲೈಲ್, ಅಷ್ಟು ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಒಂಬತ್ತು ಚಳಿಗಾಲ ನೀನು ಆ ಗ್ಯಾರೇಜಿನಲ್ಲಿ ಏನು ಮಾಡುತ್ತಿದ್ದೆ ಎಂದು ನನಗೆ ಅರ್ಥವಾದದ್ದು ಅವತ್ತು.

ಮನೆಗೆ ಬಂದರೆ ಡಾಕ್ಟರು ಆಗಲೇ ಅಂಗಳದಲ್ಲಿದ್ದ. ಪಕ್ಕದಲ್ಲಿ ಅವನನ್ನು ಕರೆತಂದ ಗಾರ್ಡಿ. ಡಾಕ್ಟರು ಮಾತಿಗೂ ಮುಂಚೆ ಅಂಗೈಯನ್ನು ಬಾನೆಟ್ ಮೇಲಿಟ್ಟು ನೋಡಿದ. "ಬಿಸಿ ಮಾಡಿಟ್ಟಿದೀರಲ್ಲ ಮೇಡಂ. ಯಾಕೆ, ತಣ್ಣಗಿದ್ರೆ ಸ್ಟಾರ್ಟ್ ಆಗಲ್ವಾ?" ಅಂದ. "ಆಗುತ್ತೆ. ನಾನು ಡೋನಟ್ ತರೋಕೆ ಹೋಗಿದ್ದೆ," ಅಂದೆ. "ನೀವಾ?" ಎಂದು ನಕ್ಕ. "ಯಜಮಾನ್ರು ಇದ್ದಾಗ ಬರ್ತೀನಿ." ಹಾಗೇ ಹೊರಟುಹೋದ. ಹಲ್ಲು ಕೀಳುವವನಿಗೆ ಎಂಜಿನ್ನಿನ ಉಸಾಬರಿ ಯಾಕೆ ಬೇಕು ಹೇಳು. ತಂದ ಡೋನಟ್ಟಿನಲ್ಲಿ ಅವನಿಗೆ ಒಂದೂ ಕೊಡಲಿಲ್ಲ.

ನಿನ್ನೆ ಗಾರ್ಡಿ ಇನ್ನೊಬ್ಬನನ್ನು ಕರೆತಂದ. ಡೆಟ್ರಾಯಿಟಿನ ಕಡೆಯ ವ್ಯಾಪಾರಿ, ಮಾತು ಮೆತ್ತಗೆ, ಕೈಯಲ್ಲಿ ದೊಡ್ಡ ಗಡಿಯಾರ. ಅವನೂ ಅಂಗೈ ಇಟ್ಟ. ಬಿಸಿಯಾಗಿತ್ತು. ಗಾರ್ಡಿ ನನ್ನನ್ನು ಪಕ್ಕಕ್ಕೆ ಕರೆದು, "ಅತ್ತಿಗೆ, ಎರಡು ಸಲ ಜನ ಕರ್ಕೊಂಡ್ ಬಂದೆ, ಎರಡು ಸಲಾನೂ ಗಾಡಿ ಬಿಸಿ ಐತೆ. ಅಣ್ಣ ಕೇಳಿದ್ರೆ ಏನ್ ಹೇಳ್ಲಿ?" ಅಂದ. "ಅಣ್ಣಂಗೆ ಹೇಳೋದು ನನ್ನ ಕೆಲಸ, ನೀನು ಡೋನಟ್ ತಿನ್ನು," ಅಂದೆ. ಆದರೆ ಈ ವ್ಯಾಪಾರಿ ಬಿಸಿಯನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. "ನಂಗೇನಮ್ಮ, ನಾನು ಓಡ್ಸಲ್ಲ. ಶೆಡ್ಡಲ್ಲಿ ಹೊದಿಸಿ ನಿಲ್ಲಿಸ್ತೀನಿ. ಹತ್ತು ವರ್ಷ ಬಿಟ್ಟು ಇದರ ಬೆಲೆ ನೋಡಿ," ಎಂದು ನೀನು ಹೇಳಿದ ಬೆಲೆಗೇ ಚೆಕ್ಕು ಬರೆದು ಬಾನೆಟ್ ಮೇಲಿಟ್ಟ. ಒಂದು ಡಾಲರೂ ಇಳಿಸಲಿಲ್ಲ. ಆ ಚೆಕ್ಕನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಯೋಚಿಸಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ.

ಗಾರ್ಡಿ ನಾಳೆ ಡೆಟ್ರಾಯಿಟ್‌ಗೆ ಹೋಗುತ್ತಾನಂತೆ. ಈ ಕಾಗದವನ್ನು ಹಡಗುಗಳಿಗೆ ಟಪಾಲು ಮುಟ್ಟಿಸುವ ಅಂಚೆ ದೋಣಿಯವರ ಕೈಗೇ ಕೊಡುತ್ತಾನೆ. ಶನಿವಾರ ನಿಮ್ಮ ಹಡಗು ಅಲ್ಲಿ ದಾಟುವಾಗ ಅದು ಹಗ್ಗಕ್ಕೆ ಕಟ್ಟಿದ ಬಕೆಟ್ಟಿನಲ್ಲಿ ಕೂತು ನಿನ್ನ ಹತ್ತಿರ ಮೇಲೆ ಬರುತ್ತದೆ. ಜೊತೆಗೆ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ, ಸುಪೀರಿಯರ್ ಸರೋವರದ ಗಾಳಿಗೆ ಜೂನ್ ಗೊತ್ತಾಗುವುದಿಲ್ಲ. ಕ್ಯಾಪ್ಟನ್ನರಿಗೆ ನನ್ನ ವಂದನೆ ಹೇಳು. ದೇವರು ನಿನ್ನನ್ನೂ, ನೀನು ನೋಡಿಕೊಳ್ಳದ ಆ ಮಂಡಿಯನ್ನೂ ಕಾಯಲಿ.

ನಿನ್ನವಳೇ ಆದ
ವರ್ನಾ

ತಾ.ಕ.: ಶುಕ್ರವಾರ ಬೆಳಿಗ್ಗೆ. ಗಾರ್ಡಿ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ವ್ಯಾಪಾರಿಗೆ ಈಗಷ್ಟೇ ಫೋನ್ ಮಾಡಿ ಆಗುವುದಿಲ್ಲ ಎಂದೆ. ಚೆಕ್ಕನ್ನು ವಾಪಸು ಕಳಿಸುತ್ತಿದ್ದೇನೆ. ಓಡಿಸುವವರಿಗೆ ಕೊಡು ಎಂದು ನೀನು ಅಂದಿದ್ದೆ, ಹಾಗೇ ಮಾಡಿದ್ದೇನೆ, ನನಗೇ ಕೊಟ್ಟುಕೊಂಡಿದ್ದೇನೆ. ದಿನಾ ಬೆಳಿಗ್ಗೆ ಓಡಿಸುತ್ತೇನೆ, ಇನ್ನೆಂದೂ ಅದು ಸೇತುವೆಯ ಮೇಲೆ ನಿಲ್ಲುವುದಿಲ್ಲ. ನನ್ನ ಪಕ್ಕದ ಸೀಟು ನಿನ್ನದು, ಅಲ್ಲಿ ಕಾಲು ಚಾಚಿಕೊಂಡು ಕೂರಬಹುದು, ಬೇಕಾದಷ್ಟು ಬೈಯಬಹುದು. ಶನಿವಾರ ಸಂಜೆ ನಿಮ್ಮ ಹಡಗು ನಮ್ಮೂರ ಮುಂದೆ ಬರುವಾಗ ನದಿಯ ದಂಡೆಯ ಪಾರ್ಕಿನಲ್ಲಿ ನಾನು ಅದರಲ್ಲೇ ಕೂತಿರುತ್ತೇನೆ. ನಿನಗೆ ಬಿಡುವಿದ್ದರೆ ಎಡಗಡೆಯ ಕಂಬಿಯ ಹತ್ತಿರ ಬಂದು ನಿಲ್ಲು. ಚುಕ್ಕಾಣಿ ನಿನ್ನ ಕೈಯಲ್ಲಿದ್ದರೆ ಈ ಕಡೆ ತಿರುಗಬೇಡ, ನದಿ ಕಿರಿದು. ಕಿವಿ ಕೊಟ್ಟರೆ ಸಾಕು. ನಿನ್ನ ಎಂಜಿನ್ನಿನ ಸದ್ದು ನಿನಗೆ ನಾನು ಹೇಳಬೇಕೇ? ಅದರ ಮೇಲೆ ನನ್ನ ಹಾರ್ನ್, ಮೂರು ಉದ್ದ, ಎರಡು ಗಿಡ್ಡ. ಕ್ಯಾಪ್ಟನ್ನರನ್ನು ಕೇಳಿ ಉತ್ತರ ಕೊಡಿಸು.