ಆ ಬ್ರೋಕರ್‌ ಕಾಗದಕ್ಕೆ ಸಹಿ ಹಾಕಬೇಡ

ಅಮ್ಮಾ,

ಮೊದಲ ಶಿಫ್ಟಿಗೆ ಹೊರಟಿದ್ದೇನೆ, ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಹನ್ನೊಂದಕ್ಕೆ ಆ ಬಿಳಿ ಬೂಟಿನ ಬ್ರೋಕರ್ ಮನೆ ಮಾರಿಸುವ ಒಪ್ಪಂದದ ಕಾಗದ ಹಿಡಿದು ಬರುತ್ತಾನೆ. ದಯವಿಟ್ಟು ಸಹಿ ಹಾಕಬೇಡ. "ಅಮ್ಮಾ, ನಾನೂ ನಿಮ್ಮ ಮಗನೇ" ಅಂದ ಕೂಡಲೇ ನೀನು ಕರಗಿಬಿಡ್ತೀಯ, ಅದೇ ನನ್ನ ಭಯ.

ನಿನ್ನೆ ಹೊರಡುವಾಗ ಮೆಟ್ಟಿಲ ಹತ್ತಿರ ಅವನು ಹೇಳಿದ್ದು ನಿನಗೆ ಕೇಳಿಸಲಿಲ್ಲ. "ಕೆಳಗೆ ಬಾಡಿಗೆಗಿರೋ ಟೈಲರಿಗೆ ಬಣ್ಣ ಹೊಡೆಸಬೇಕು ಅಂತ ಹೇಳಿ ಹದಿನೈದು ದಿನ ಆಚೆ ಕಳಿಸಿ. ಆಮೇಲೆ ಬೀಗ ಬದಲಾಯಿಸೋದು ನನ್ನ ಕೆಲಸ. ಖಾಲಿ ಮನೆ ಬೇಗ ಹೋಗುತ್ತೆ" ಅಂದ.

ನಾವು ಬಾಡಿಗೆಗಿದ್ದಾಗ ನಮ್ಮ ಹಾಸಿಗೆ, ಪಾತ್ರೆ ಬೀದಿಗೆ ಎಸೆದ ಮನೆ ಮಾಲೀಕನೂ ಹೀಗೇ ನಗುನಗುತ್ತಾ ಮಾತಾಡಿದ್ದ. ಸ್ವಂತ ಮನೆ ಆಯಿತು ಅಂತ ನಾವೂ ಅವನ ಹಾಗೇ ಆಗಬೇಕಾ?

ಈ ಮೆಟ್ಟಿಲು ಇನ್ನು ನಿನ್ನ ಮಂಡಿಗೆ ಆಗದು, ಮನೆ ಬೇಗ ಮಾರಬೇಕು, ನಿಜ. ತಡವಾದರೆ ಏನು ಗತಿ ಅಂತ ನನಗೂ ಚಿಂತೆಯಿದೆ. ಆದರೂ ಮೊನ್ನೆ ಎಲ್ಲ ನಲ್ಲಿ ತಿರುಗಿಸಿ ನೋಡಿದರಲ್ಲ, ಆ ಬ್ರೋಕರ್ ಹೆಂಗಸು, ಅವರಿಗೇ ಫೋನ್ ಮಾಡು. "ಟೈಲರನ್ನ ಇರೋಕೆ ಬಿಡೋ ಗಿರಾಕಿಯನ್ನೇ ಹುಡುಕ್ತೀನಿ, ತಡ ಆಗುತ್ತೆ" ಅಂತ ಮುಖಕ್ಕೇ ಹೇಳಿದರು. ನಂಬರ್ ಕ್ಯಾಲೆಂಡರ್ ಮೇಲೆ ಬರೆದಿದ್ದೇನೆ.

ಮಾತ್ರೆ ತಿಂಡಿ ಆದಮೇಲೆ. ಮೊದಲಲ್ಲ.

ಅವನೆದುರು ಇಲ್ಲ ಅನ್ನೋಕೆ ಬಾಯಿ ಬರದಿದ್ದರೆ ನೀನೇನೂ ಹೇಳಬೇಡ. ಈ ಚೀಟಿಯನ್ನೇ ಅವನ ಕೈಗೆ ಕೊಡು. ಓದಲಿ.